ಕಣಿವೆಗಳು ಬೇರ್ಪಡಿಸಿದ ಹಕ್ಕಿ

ಪಶ್ಚಿಮಘಟ್ಟಗಳ ದಕ್ಷಿಣಭಾಗದಲ್ಲಿ, ಗಾಳಿಗೆ ಮೈಯೊಡ್ಡಿದ ನೆತ್ತಿಗಳೆಲ್ಲ ಹುಲ್ಲಿನಿಂದ ಆವೃತವಾಗಿ, ನೀರೊಸರುವ ಮಡಿಕೆಗಳಲ್ಲಿ ಮಾತ್ರ ಹಾವಸೆ ಹಿಡಿದ ಗಿಡ್ಡ ಮರಗಳು ಒತ್ತೊತ್ತಾಗಿ ನಿಂತಿರುವ ಎತ್ತರದ ಅರಣ್ಯಕ್ಕೆ ಶೋಲಾ ಎಂದು ಹೆಸರು. ಈ ಶೋಲೆಗಳ ನೆರಳನ್ನು ಬಿಟ್ಟು ಬೇರೆಲ್ಲಿಯೂ ಬಾಳಲೊಲ್ಲದ ಪಕ್ಷಿಗಳಲ್ಲಿ ನೀಲಗಿರಿಯ ಶೋಲಾಕಿಳಿಯೂ ಒಂದು. ನೀಲಗಿರಿಯಲ್ಲಿ ಮಾತ್ರವಲ್ಲದೆ ನಮ್ಮ ಬಾಬಾಬುಡನ್‌ಗಿರಿಯಲ್ಲಿಯೂ, ಕೊಡಗಿನ ಬ್ರಹ್ಮಗಿರಿಯಲ್ಲಿಯೂ, ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಇದು ವಾಸಿಸುತ್ತದೆ.

ಗುಬ್ಬಚ್ಚಿಯಷ್ಟೇ ಗಾತ್ರದ ಈ ಹಕ್ಕಿಯ ತಲೆ, ಬೆನ್ನು, ಎದೆಗಳು ಮೋಡ ಕವಿದ ಸಂಜೆಯ ಆಕಾಶದಂತೆ ಗಾಢನೀಲ. ಪಕ್ಕೆಗಳಲ್ಲಿ ಕಾವಿಯ ಕೆಂಪು, ಹೊಟ್ಟೆಯ ನಡುವೆ ಬಿಳುಪು, ಹುಬ್ಬಿನ ಮೇಲೊಂದು ಮಾಸಿದ ಬೆಳ್ಗೆರೆ. ನೀಳವಾದ ಕಾಲುಗಳ ಮೇಲೆ ನೆಟ್ಟಗೆ ನಿಂತು, ಕೊಳೆಯುತ್ತಿರುವ ತರಗೆಲೆಗಳ ನಡುವೆ ನಾಲ್ಕು ಹೆಜ್ಜೆ ಕುಪ್ಪಳಿಸಿ, ಸ್ತಬ್ಧವಾಗಿ ದಿಟ್ಟಿಸಿ, ಥಟ್ಟನೆ ಹುಳುವೊಂದನ್ನು ಕಚ್ಚಿ ಮತ್ತೆ ಪೊದೆಯ ಕತ್ತಲಿಗೆ ಸರಿದುಬಿಡುವುದು ಇದರ ಕ್ರಮ. ಮುಂಗಾರು ಮುರಿದು ಬೀಳುವ ಮುನ್ನ, ಏಪ್ರಿಲಿನಿಂದ ಜೂನಿನವರೆಗಿನ ಅವಧಿಯಲ್ಲಿ, ಮರದ ಪೊಟರೆಯಲ್ಲೋ ದರೆಯ ಬಿಲದಲ್ಲೋ ಹಾವಸೆಯನ್ನೂ ನಾರುಬೇರುಗಳನ್ನೂ ಹಾಸಿ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ. ಅವು ಬೂದುಮಿಶ್ರಿತ ಹಸಿರು, ಮೇಲೆ ಕಂದು ಚುಕ್ಕೆ. ಆ ಕಾಲದಲ್ಲಿ ಗಂಡು ಹಾಡುವ ಸಣ್ಣ ದನಿಯ, ಅಂಕುಡೊಂಕಾಗಿ ಹರಿಯುವ ಸಿಳ್ಳು, ಹಾಡುಗಾರನು ಎಲ್ಲಿರುವನೆಂಬುದನ್ನು ಮಾತ್ರ ತಿಳಿಸಿಕೊಡುವುದಿಲ್ಲ.

ಇದನ್ನು ವಿದ್ವಜ್ಜಗತ್ತಿಗೆ ಮೊದಲು ಪರಿಚಯಿಸಿದವನು ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಕ್ಯಾವರ್‌ಹಿಲ್ ಜರ್ಡನ್. 1840ರ ದಶಕದ ಆರಂಭದಲ್ಲಿ ನೀಲಗಿರಿಯ ಹಕ್ಕಿಯನ್ನು ಅವನು ವರ್ಣಿಸಿದನು. ಪಾಲಕ್ಕಾಡಿನ ಕಣಿವೆಯಿಂದಾಚೆಯ ಪಳನಿ ಬೆಟ್ಟಗಳಲ್ಲಿ ದೊರೆತ, ಇದೇ ಬಗೆಯ, ಆದರೆ ಪಕ್ಕೆಗಳಲ್ಲಿ ಕಾವಿಯಿಲ್ಲದ ಹಕ್ಕಿಯನ್ನು 1868ರಲ್ಲಿ ವಿಲಿಯಂ ಬ್ಲಾನ್‌ಫರ್ಡನು ಬೇರೆ ಪ್ರಭೇದವೆಂದು ಸಾರಿದನು. ಇಪ್ಪತ್ತನೆಯ ಶತಮಾನದ ಪಂಡಿತರು ಇವೆರಡನ್ನೂ ಕೂಡಿಸಿ ಒಂದೇ ಪ್ರಭೇದವೆಂದೆಣಿಸಿ, ಹಿಮಾಲಯದ ಮೋಟುರೆಕ್ಕೆಯ ಪಕ್ಷಿಗಳ ಕುಲಕ್ಕೆ ಸೇರಿಸಿಬಿಟ್ಟರು. 2005ರಲ್ಲಿ ಪಮೇಲಾ ರಾಸ್ಮುಸೆನ್ ಅವರು ಮತ್ತೆ ಎರಡಾಗಿ ವಿಂಗಡಿಸುವವರೆಗೂ ಆ ಐಕ್ಯವೇ ಪುಸ್ತಕಗಳಲ್ಲಿ ನಡೆದುಬಂದಿತು. ಜರ್ಡನನ, ಬ್ಲಾನ್‌ಫರ್ಡನ ಕಣ್ಣು ಸುಳ್ಳಾಡಿರಲಿಲ್ಲವೆಂಬುದು ನನಗೆ ಬಹಳ ಸಂತೋಷವನ್ನು ಕೊಡುವ ಸಂಗತಿ.

ಅವರಿಗೆ ಕಾಣದಿದ್ದುದು ಈ ಭೇದದ ಕಾರಣ. ಸುಮಾರು ಮೂವತ್ತು ಕಿಲೋಮೀಟರು ಅಗಲದ ಪಾಲಕ್ಕಾಡು ಕಣಿವೆ ನಮಗೆ ರೈಲುದಾರಿ. ಶೀತಲವಾದ ಎತ್ತರವನ್ನೂ ಕಾಡಿನ ಕತ್ತಲನ್ನೂ ಬಿಟ್ಟಿರಲಾರದ ಹಕ್ಕಿಗೆ ಅದು ಸಮುದ್ರ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮೊದಲಾದವರು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ತೊಟ್ಟು ರಕ್ತವನ್ನು ಪಡೆದು ಹಾರಬಿಟ್ಟು, ಆ ರಕ್ತದೊಳಗಿನ ವಂಶವಾಹಿಗಳನ್ನು ಓದಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಣಿವೆಯ ಎರಡು ದಡಗಳ ಹಕ್ಕಿಗಳು ಅತಿ ಪುರಾತನ ಕಾಲದಲ್ಲಿಯೇ ಅಗಲಿದವೆಂಬುದೂ, ಇನ್ನೂ ದಕ್ಷಿಣದಲ್ಲಿರುವ ಕಿರಿದಾದ ಶೆಂಕೋಟ್ಟೆಯ ಕಣಿವೆಯೂ ಹಾಗೆಯೇ ಬೇಲಿಯಾಗಿ ನಿಂತಿದೆಯೆಂಬುದೂ ಸಿದ್ಧವಾಯಿತು. 2017ರಲ್ಲಿ ರಾಬಿನ್ ಅವರೂ ಸಹೋದ್ಯೋಗಿಗಳೂ ಇವುಗಳಿಗಾಗಿಯೇ ಒಂದು ಹೊಸ ಕುಲವನ್ನು ಸ್ಥಾಪಿಸಿ, ಶೆಂಕೋಟ್ಟೆಯಾಚೆಯ ಅಗಸ್ತ್ಯಮಲೆಯ ಸೀಮೆಯ ಹಕ್ಕಿಯನ್ನು ಮೂರನೆಯ ಪ್ರಭೇದವೆಂದು ಘೋಷಿಸಿದರು. ಹಿಮಾಲಯದ ನಂಟೆಂಬುದು ಹೊರಟುಹೋಗಿ, ನೊಣಹಿಡುಕಗಳ ಬಳಗವೇ ಇವಕ್ಕೆ ಸಮೀಪವೆಂದು ತಿಳಿದುಬಂದಿತು.

ಶೋಲೆಗಳನ್ನು ಒಂದರಿಂದೊಂದು ಬೇರ್ಪಡಿಸುವ ಬೆಟ್ಟದ ನೆತ್ತಿಯ ಹುಲ್ಲು ಕಾಡುಕಡಿದ ಮನುಷ್ಯನ ಕೃತ್ಯವೆಂದು ಒಂದು ಕಾಲಕ್ಕೆ ಅನೇಕರು ನಂಬಿದ್ದರು. ಆದರೆ ನೀಲಗಿರಿಯ ಜೌಗುಗಳ ಕಪ್ಪು ಮಣ್ಣಿನಲ್ಲಿ ಹುದುಗಿದ್ದ ಇಂಗಾಲವನ್ನು ಪರೀಕ್ಷಿಸಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ್ದೇನೆಂದರೆ, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಭೂಮಿಯೆಲ್ಲ ಹಿಮಯುಗದ ಶೈತ್ಯದಲ್ಲಿ ನಡುಗುತ್ತಿದ್ದಾಗಲೇ ಅಲ್ಲಿ ಹುಲ್ಲು ವ್ಯಾಪಿಸಿತ್ತು. ಮಳೆ ಹೆಚ್ಚಿದಾಗ ಕಾಡು ಹಿಗ್ಗಿತು, ಒಣಗಿದಾಗ ಕುಗ್ಗಿತು. ತುಂಡುತುಂಡಾದ ಕಾಡಿನಲ್ಲಿ ಬಾಳುವುದನ್ನು ಈ ಹಕ್ಕಿ ನಮ್ಮಿಂದ ಕಲಿಯಲಿಲ್ಲ.

ನಾವು ತಂದಿತ್ತ ಬದಲಾವಣೆ ಮಾತ್ರ ಬೇರೆ ಜಾತಿಯದು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಉದಕಮಂಡಲದಲ್ಲಿ ನೆಲೆಯೂರಿದ ಮೇಲೆ, ಎರಡು ಮೂರು ದಶಕಗಳೊಳಗಾಗಿ ಆಸ್ಟ್ರೇಲಿಯದ ಅಕೇಶಿಯ, ನೀಲಗಿರಿ ಮರಗಳು ಆ ಹುಲ್ಲುಗಾವಲಿಗಿಳಿದವು. ಅನಂತರ ಚಹಾ ಬಂದಿತು. ಇತ್ತ ಬಾಬಾಬುಡನ್‌ಗಿರಿಯ, ಕೊಡಗಿನ ಇಳಿಜಾರುಗಳಲ್ಲಿ ಕಾಫಿ ಹಬ್ಬಿತು. ಮಳೆ ಕುಗ್ಗಿಸಿದ ಕಾಡು ಮಳೆ ಬಂದಾಗ ಮತ್ತೆ ಹಿಗ್ಗಿಕೊಳ್ಳುತ್ತಿತ್ತು. ಚಹಾ ತೋಟದ ನಡುವೆ ಸಿಕ್ಕಿದ ಶೋಲೆಗೆ ಹಾಗೆ ಹಿಗ್ಗಲು ಜಾಗವಿಲ್ಲ. 2015ರ ಮತ್ತೊಂದು ಅಧ್ಯಯನವು, ಬ್ಲಾನ್‌ಫರ್ಡನು ಹೆಸರಿಸಿದ, ಪಾಲಕ್ಕಾಡಿನ ದಕ್ಷಿಣದ ಬಿಳಿಹೊಟ್ಟೆಯ ಶೋಲಾಕಿಳಿಯನ್ನು ಪರಿಶೀಲಿಸಿ, ಯಾವ ಕಣಿವೆಯೂ ಅಡ್ಡವಿಲ್ಲದ ಒಂದೇ ಬೆಟ್ಟದ ಮೇಲೆಯೇ, ಮಾನವನು ಕಾಡು ಕಡಿದ ಕಡೆಗಳಲ್ಲಿ, ಈ ಪಕ್ಷಿಯ ಗುಂಪುಗಳ ನಡುವಣ ವಂಶವಾಹಿಗಳ ವಿನಿಮಯಕ್ಕೆ ಧಕ್ಕೆ ತಗಲಿರುವುದನ್ನು ಗುರುತಿಸಿತು. ಲಕ್ಷಾಂತರ ವರ್ಷಗಳಲ್ಲಿ ಕಣಿವೆಯೊಂದು ಮಾಡಿದ ಕೆಲಸವನ್ನು, ನೂರೈವತ್ತು ವರ್ಷಗಳ ತೋಟಗಾರಿಕೆ ಅದೇ ಬೆಟ್ಟದ ಮೇಲೆ ಆರಂಭಿಸಿಬಿಟ್ಟಿದೆ.