ವೈದ್ಯರು ಹೊರಟ ಮೇಲೆ

ವಿಶ್ವೇಶ್ವರಪುರಂನ ಸಜ್ಜನರಾವ್ ವೃತ್ತದಿಂದ ಹೆಚ್ಚು ದೂರವಿಲ್ಲದ ಮಿಂಟೊ ಕಣ್ಣಾಸ್ಪತ್ರೆ 1913ರಿಂದ ಅಲ್ಲೇ ಇದೆ. ಆದರೆ ಕಣ್ಣಿಗೆ ಪೊರೆ ಬಂದ ಹಳ್ಳಿಯ ವೃದ್ಧರಿಗೆ ಬೆಂಗಳೂರು ಬಲು ದೂರದ ಊರಾಗಿತ್ತು. ರೋಗಿ ಬರಲಾಗದಿದ್ದರೆ ವೈದ್ಯರೇ ಹೋಗಬೇಕು. ಉಚಿತ ಶಿಬಿರಗಳ ಹಿಂದಿದ್ದ ಯೋಚನೆ ಇದೇ.

ಕನ್ನಡ ನಾಡಿನಲ್ಲಿ ಇದನ್ನು ಮನೆಮಾತಾಗಿಸಿದವರು ಬೀಳಗಿ ಮೂಲದ ಡಾ. ಎಂ. ಸಿ. ಮೋದಿ. 1943ರಿಂದ ಊರೂರು ಸುತ್ತಿದ ಅವರು ಶಿಬಿರಗಳನ್ನು ಹೂಡಿ, ಹಣ ಪಡೆಯದೆ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ಸಾಧನೆ ಗಿನ್ನೆಸ್ ಪುಸ್ತಕ ಸೇರಿತು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಮಂದಿ ಮತ್ತೆ ಮೊಮ್ಮಕ್ಕಳ ಮುಖ ನೋಡಿದ್ದು ಇಂಥ ಶಿಬಿರಗಳಿಂದಲೇ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸೋಂಕು ತಗುಲಿದರೆ ಅದು ಸಾಮಾನ್ಯವಾಗಿ ಕಾಣಿಸುವುದು ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ. ಅಷ್ಟರಲ್ಲಿ ಶಿಬಿರ ಎತ್ತಿದ್ದರೆ ರೋಗಿ ಯಾರ ಬಳಿ ಹೋಗಬೇಕು? 1986ರಲ್ಲಿ ಉತ್ತರ ಪ್ರದೇಶದ ಖುರ್ಜಾ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ 88 ಮಂದಿಯಲ್ಲಿ 84 ಮಂದಿಯ ಕಣ್ಣಿಗೆ ಹಾನಿಯಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1989ರಲ್ಲಿ ಪರಿಹಾರದ ಆದೇಶವಾಯಿತು. ಸೇವೆ ಉಚಿತವೆಂದ ಮಾತ್ರಕ್ಕೆ ಎಚ್ಚರಿಕೆ ಸಡಿಲವಾಗಬಾರದು ಎಂಬ ಪಾಠ ದೇಶಕ್ಕೆ ಸಿಕ್ಕಿತು.

ಬಡ ದೇಶಗಳಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡುವ ವಿದೇಶಿ ವೈದ್ಯರಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೇವೆಯಲ್ಲಿದ್ದ ಹೆನ್ರಿ ಸ್ಮಿತ್ ಜಲಂಧರದಲ್ಲಿ ಸಾವಿರಾರು ಮಂದಿಯ ಪೊರೆ ತೆಗೆದರು. ಅವರ ವಿಧಾನ ಕಲಿಯಲು ಅಮೆರಿಕದಿಂದ ವೈದ್ಯರು ಬಂದರು. ರೋಗಿಗೆ ದೃಷ್ಟಿ ಸಿಕ್ಕಿತು. ವೈದ್ಯರಿಗೆ ಕೈ ಪಳಗಿತು. ಯಾರಿಂದ ಯಾರಿಗೆ ಉಪಕಾರವಾಯಿತು ಎಂಬುದು ಸುಲಭದ ಲೆಕ್ಕವಲ್ಲ. 1982ರಲ್ಲಿ ವಿಮಾನದೊಳಗೇ ಆಪರೇಷನ್ ಥಿಯೇಟರ್ ಇಟ್ಟುಕೊಂಡು ಹೊರಟ ಆರ್ಬಿಸ್ ಸಂಸ್ಥೆ ಸ್ಥಳೀಯ ವೈದ್ಯರಿಗೆ ಕಲಿಸುವುದನ್ನೇ ಮುಖ್ಯ ಕೆಲಸವಾಗಿಸಿಕೊಂಡಿತು. ವಿಮಾನ ಹಾರಿಹೋದರೂ ವಿದ್ಯೆ ಊರಿನಲ್ಲೇ ಉಳಿಯಬೇಕು ಎಂಬುದು ಅದರ ಆಶಯ.

ಹಾಗೆಂದು ಕಾಯಂ ಆಸ್ಪತ್ರೆಯಲ್ಲಿ ಅನಾಹುತ ಆಗುವುದೇ ಇಲ್ಲವೆಂದಲ್ಲ. 2019ರ ಜುಲೈನಲ್ಲಿ ಮಿಂಟೊದಲ್ಲೇ ಪೊರೆ ತೆಗೆಸಿಕೊಂಡ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡರು. ಆದರೆ ಅವರಿಗೆ ಕೇಳಲು ಒಂದು ಬಾಗಿಲಿತ್ತು, ದಾಖಲೆಯಿತ್ತು, ಉತ್ತರ ಕೊಡಬೇಕಾದ ಸರ್ಕಾರವಿತ್ತು. ನವೆಂಬರಿನಲ್ಲಿ ಅವರ ಪರವಾದ ಪ್ರತಿಭಟನೆಯೂ ಅದೇ ಬಾಗಿಲಿಗೆ ಬಂತು. ಶಿಬಿರದ ವೈದ್ಯರು ಎಷ್ಟು ದೂರದಿಂದ ಬಂದರು, ಎಷ್ಟು ಕಣ್ಣು ತೆರೆಸಿದರು ಎಂದು ಕೇಳುವ ಜೊತೆಗೆ, ಮರುವಾರ ಕಟ್ಟು ಬಿಚ್ಚಿ ನೋಡುವವರು ಯಾರು ಎಂದೂ ಕೇಳಬೇಕಾದದ್ದು ಇದಕ್ಕೇ.