ಪ್ಯಾನಿಯರ್ (ಸೈಕಲ್)

ಸೈಕಲ್ ಚಕ್ರದ ಇಕ್ಕೆಲಗಳಲ್ಲಿ ಕ್ಯಾರಿಯರಿಗೆ ತೂಗುಹಾಕುವ ಜೋಡಿಚೀಲ. ರೊಟ್ಟಿಬುಟ್ಟಿ ಎಂಬ ಅರ್ಥದ ಲ್ಯಾಟಿನ್ ಪದವು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ಈ ಹೆಸರಾಯಿತು. ಹೇರೆತ್ತಿನ ಬೆನ್ನ ಮೇಲೆ ಎರಡೂ ಬದಿಗೆ ಇಳಿಬಿಡುತ್ತಿದ್ದ ಹಸುಬೆಯ ತತ್ತ್ವವೇ ಇದರದೂ: ಭಾರ ಸವಾರನ ಬೆನ್ನಿನಿಂದ ಇಳಿದು, ತಗ್ಗಿನಲ್ಲಿ ಸಮನಾಗಿ ಹಂಚಿಹೋಗುತ್ತದೆ.

ಕ್ಯಾರಿಯರ್: ಉಕ್ಕಿನದು ಗಟ್ಟಿ, ಅಲ್ಯೂಮಿನಿಯಂನದು ಹಗುರ. ಪ್ರವಾಸಕ್ಕೆಂದು ತಯಾರಾದ ಹಲವು ಹಿಂಬದಿ ಕ್ಯಾರಿಯರುಗಳ ಮಿತಿ ಸುಮಾರು 25 ಕಿ.ಗ್ರಾಂ.; ಚೀಲದ ತೂಕವೂ ಇದರಲ್ಲಿ ಸೇರುತ್ತದೆ. ಫ್ರೇಮಿನ ತಿರುಪುರಂಧ್ರಗಳಿಗೆ ಸಾಮಾನ್ಯವಾಗಿ 5 ಮಿ.ಮೀ. ಬೋಲ್ಟುಗಳಿಂದ ಬಿಗಿಯಬೇಕು. ರಂಧ್ರಗಳಿಲ್ಲದಿದ್ದರೆ ಕ್ಲಾಂಪ್ ಬಳಸಬಹುದು. ಆದರೆ ಕಾರ್ಬನ್ ಫ್ರೇಮಿನ ಕೊಳವೆಗೆ ಕ್ಲಾಂಪ್ ಬಿಗಿದರೆ ಅದು ಬಿರಿಯುವ ಅಪಾಯವಿದೆ. ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿಗೆ ಕ್ಯಾಲಿಪರಿಗೆ ತಾಗದ ವಿನ್ಯಾಸವನ್ನೇ ಆರಿಸಬೇಕು.

ಚೀಲ: ಹಿಂಬದಿಯ ದೊಡ್ಡ ಜೋಡಿಯಲ್ಲಿ ಸುಮಾರು 40 ಲೀಟರ್ ಸ್ಥಳವಿರುತ್ತದೆ, ಮುಂಬದಿಯವು ಚಿಕ್ಕವು. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಜಲನಿರೋಧಕ ಚೀಲಗಳು ಮಲೆನಾಡಿನಂಥ ಮಳೆಗೆ ಸೂಕ್ತ. 1982ರಲ್ಲಿ ಜರ್ಮನಿಯಲ್ಲಿ ಆರಂಭವಾದ ಓರ್ಟ್‌ಲೀಬ್ ಇಂಥ ಚೀಲಗಳಿಗೆ ಹೆಸರಾಗಿದೆ.

ಅಳವಡಿಕೆ: ಮೇಲಿನ ಕೊಕ್ಕೆಗಳು ಕ್ಯಾರಿಯರಿನ ಸರಳಿನ ದಪ್ಪಕ್ಕೆ ಹೊಂದಬೇಕು, ಕೆಳಗಿನ ಕೊಕ್ಕೆ ಚೀಲದ ಓಲಾಟ ತಡೆಯುತ್ತದೆ. ಪೆಡಲ್ ತುಳಿಯುವಾಗ ಹಿಮ್ಮಡಿ ತಾಗಿದರೆ ಚೀಲವನ್ನು ಹಿಂದಕ್ಕೆ ಸರಿಸಬೇಕು. ಭಾರದ ವಸ್ತುಗಳು ತಳದಲ್ಲಿರಲಿ, ಎರಡೂ ಬದಿ ಸಮತೂಗಲಿ. ಸಡಿಲ ಪಟ್ಟಿ ಚಕ್ರಕ್ಕೆ ಸಿಕ್ಕರೆ ಸವಾರ ಬೀಳುವ ಅಪಾಯವಿದೆ. ಆದ್ದರಿಂದ ಪಟ್ಟಿಗಳನ್ನು ಒಳಸೇರಿಸಬೇಕು. ಮೊದಲ ಸವಾರಿಯ ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ಅಗತ್ಯ.