ಲಂಡನ್ನಿನಲ್ಲಿ ಒಂದು ಬಾಡಿಗಿ ಮನಿ

ಮುಗಳಖೋಡದ ಶಾಲೆಯಲ್ಲಿ ಮಾಸ್ತರು ಲಂಡನ್ನಿನ ಪಾಠ ಹೇಳುವಾಗ ಅರಮನೆ, ಗಡಿಯಾರದ ಗೋಪುರ, ಥೇಮ್ಸ್ ಹೊಳೆಯ ಸೇತುವೆ ಅಂತ ಹೆಸರು ಬಾಯಿಪಾಠ ಮಾಡಿಸಿದ್ದರು. ಪರೀಕ್ಷೆಯಲ್ಲಿ ಬರೆದೆ, ಮಾರ್ಕ್ಸೂ ಬಿದ್ದವು. ಆ ಊರಲ್ಲಿ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯೂ ಒಂದು ಇದೆ ಅಂತ ಯಾರೂ ಹೇಳಲಿಲ್ಲ. 1921-22ರಲ್ಲಿ ಬಾಬಾಸಾಹೇಬರು ಅಲ್ಲಿದ್ದರು.

ಕಾಲೇಜಿಗೆ ಬಂದ ಮೇಲೆ ಓದಿ ತಿಳಿದು ಅವ್ವಗ ಹೇಳಿದೆ. ಕಬ್ಬಿನ ಗದ್ದಿಯಿಂದ ಬಂದು ಕೂತಿದ್ದಳು. ಕೇಳಿದ್ದು ಒಂದೇ ಮಾತು: "ಬಾಡಿಗಿ ಮನಿ ಅವರಿಗೆ ಯಾರು ಕೊಟ್ರೋ?"

ಗೆಳೆಯರೆ, ಈ ಪ್ರಶ್ನೆ ಯಾವ ಪ್ರವಾಸದ ಪುಸ್ತಕದಲ್ಲೂ ಇಲ್ಲ. ಕಾಲೇಜು ಕಲಿಯುವಾಗ ನಾನು ರೂಮು ಹುಡುಕಿದೆ. ಮೊದಲು ಹೆಸರು ಕೇಳಿದರು, ಆಮೇಲೆ ಅಡ್ಡಹೆಸರು ಕೇಳಿದರು, ಕಡೆಗೆ "ಖಾಲಿ ಇಲ್ಲ" ಅಂದರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬರೋಡಕ್ಕೆ ನೌಕರಿಗೆ ಬಂದ ಅಂಬೇಡ್ಕರರಿಗೂ ಇದೇ ಆಯಿತು. ಜಾತಿ ಮುಚ್ಚಿಟ್ಟು ಪಾರ್ಸಿ ಛತ್ರದಲ್ಲಿ ಉಳಿದರು. ಗೊತ್ತಾದ ಕೂಡಲೆ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು.

ಹಾಗಂತ ಲಂಡನ್ನು ಧರ್ಮರಾಯನ ಊರೇನೂ ಅಲ್ಲ. ನಮ್ಮನ್ನು ಆಳಿದ ಊರು ಅದು. ಅಮರಾವತಿಯ ಬೌದ್ಧ ಸ್ತೂಪದ ಕೆತ್ತನೆಗಳು ಇವತ್ತಿಗೂ ಅಲ್ಲಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅದೇ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಬಾಬಾಸಾಹೇಬರು ಅರೆಹೊಟ್ಟೆಯಲ್ಲಿ ಕೂತು ಓದಿದರು. 1922ರಲ್ಲಿ ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರ್ ಆದರು. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ ಲಂಡನ್ ವಿಶ್ವವಿದ್ಯಾಲಯದ ಡಿ.ಎಸ್ಸಿ. ಪಡೆದರು. 1930ರಲ್ಲಿ ಸೇಂಟ್ ಜೇಮ್ಸ್ ಅರಮನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಕೂತು, ಬ್ರಿಟಿಷರು ಬಂದ ಮೇಲೂ ಅಸ್ಪೃಶ್ಯರ ಪಾಡು ಬದಲಾಗಲಿಲ್ಲವೆಂದು ಆಳುವವರ ಮುಖಕ್ಕೇ ಹೇಳಿದರು. ಅರಮನೆ ನೋಡಬೇಕಾದರೆ ಈ ಕಾರಣಕ್ಕೆ ನೋಡಬೇಕು.

ಮಹಾರಾಷ್ಟ್ರ ಸರಕಾರ 2015ರಲ್ಲಿ ಆ ಮನೆ ಕೊಂಡು ಸ್ಮಾರಕ ಮಾಡಿತು. ಅಲ್ಲಿಗೂ ತಕರಾರು ತಪ್ಪಲಿಲ್ಲ. ವಸತಿಗಿರುವ ಮನೆ ಮ್ಯೂಸಿಯಂ ಆಗಕೂಡದೆಂದು ಕ್ಯಾಮ್ಡೆನ್ ಕೌನ್ಸಿಲ್ ಅನುಮತಿ ನಿರಾಕರಿಸಿತು. 2020ರ ಮಾರ್ಚಿನಲ್ಲಿ ಅಲ್ಲಿನ ಮಂತ್ರಿ ಒಪ್ಪಿಗೆ ಕೊಟ್ಟ ಮೇಲೆ ಬಾಗಿಲು ಉಳಿಯಿತು.

ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡಕ್ಕೆ, ನಮ್ಮ ಬಸವಣ್ಣನೂ ನಿಂತಿದ್ದಾನೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಆ ಪ್ರತಿಮೆ ತೆರೆದರು. ಅಂದೇ ಅಂಬೇಡ್ಕರ್ ಮನೆಯನ್ನೂ ಉದ್ಘಾಟಿಸಿದರು. ಊರಿಗೆ ಊರೇ ಹೆಮ್ಮೆಪಟ್ಟಿತು. ಆದರೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಲಗ್ನಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತಲ್ಲ, ಅಂಥ ಲಗ್ನಕ್ಕೆ ಇವತ್ತು ನಮ್ಮ ಊರುಗಳಲ್ಲಿ ಚಪ್ಪರ ಹಾಕುವವರು ಎಷ್ಟು ಮಂದಿ? ದೂರದ ಹೊಳೆ ದಂಡೆಯ ಕಂಚಿಗೆ ಕೈ ಮುಗಿಯೋದು ಸುಲಭ.

ಮಾಸ್ತರರೆ, ಲಂಡನ್ ದೂರ. ಮಾಣಗಾವ ದೂರಿಲ್ಲ. 1920ರಲ್ಲಿ ಶಾಹೂ ಮಹಾರಾಜರು ಅಲ್ಲಿನ ಪರಿಷತ್ತಿಗೆ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಅಂತ ಜನಕ್ಕೆ ಹೇಳಿದರು. ಅದೇ ವರ್ಷ ಅಂಬೇಡ್ಕರರು ಮತ್ತೆ ಲಂಡನ್ನಿನ ಹಡಗು ಹತ್ತಿದರು. ನಿಪ್ಪಾಣಿಯಂತೂ ನಮ್ಮ ಮಗ್ಗಲಲ್ಲೇ ಇದೆ. 1925ರಲ್ಲಿ ಅಲ್ಲಿ ಬಹಿಷ್ಕೃತರ ಪರಿಷತ್ತಿಗೆ ಬಂದವರು ಆ ಬಾಡಿಗಿ ಮನೆಯಲ್ಲಿ ಓದಿ ಬ್ಯಾರಿಸ್ಟರ್ ಆದ ಅಂಬೇಡ್ಕರರೇ. ಮಕ್ಕಳನ್ನ ಮೊದಲು ಅಲ್ಲಿಗೆ ಕರಕೊಂಡು ಹೋಗ್ರಿ. ಬರುವಾಗ ದಾರಿಯಲ್ಲಿ ಅವ್ವನ ಪ್ರಶ್ನೆಯನ್ನೂ ಕೇಳ್ರಿ: ನಿಮ್ಮ ಓಣಿಯಲ್ಲಿ ನಮಗೆ ಬಾಡಿಗಿ ಮನಿ ಯಾರು ಕೊಡ್ತೀರಿ?